ಬಟ್ಟಲಿಲ್ಲದ ಸುತ್ತು

ಹೇಳಿಬಿಡಬೇಕು, ಮೂರು ಗಂಟೆಯೊಳಗೆ ಹೇಳಿಬಿಡಬೇಕು ಎಂದುಕೊಳ್ಳುತ್ತ ಹಗೋಪ್ ತಾಶ್ಜಿಯನ್ ಬಸ್ಸಿನ ಕಿಟಕಿಗೆ ಹಣೆಯೊತ್ತಿ ಕೂತಿದ್ದ. ಹಾಗೆ ಅಂದುಕೊಂಡಾಗಲೆಲ್ಲ ತಾನು ಒಳ್ಳೆಯವನೆಂಬ ಸಣ್ಣ ಸಮಾಧಾನವೊಂದು ಸಿಗುತ್ತಿತ್ತು. ಮಂಗಳವಾರದಿಂದ ಆ ಸಮಾಧಾನವನ್ನೇ ಉಂಡು ಬದುಕಿದ್ದ. ತೊಡೆಯ ಮೇಲೆ, ಬಿಳಿ ಬಟ್ಟೆಯಲ್ಲಿ ಸುತ್ತಿದ ಚೋರೆಗ್ ಇನ್ನೂ ಬೆಚ್ಚಗಿತ್ತು. ಜಡೆಯ ಹಾಗೆ ಹೆಣೆದು ಮೇಲೆ ಎಳ್ಳು ಉದುರಿಸಿದ ಸಿಹಿ ರೊಟ್ಟಿ. ಬೆಳಗ್ಗೆ ಅದನ್ನು ಒಲೆಯಿಂದ ತೆಗೆಯುತ್ತ ಅರಾಕ್ಸಿ, ‘ನಿನ್ನ ಕೈಲಿ ಎಲ್ಲರೆದುರು ಬೋರ್ಡ್ ಒರೆಸಿಸಿದ ಮಹಾನುಭಾವ ಅಲ್ವಾ ಅವನು? ಅವನು ನಿವೃತ್ತಿ ಆಗ್ತಾನೆ ಅಂತ ನಾನು ಬೆಳಗಾಗೆದ್ದು ಹಿಟ್ಟು ನಾದಬೇಕಾ?’ ಅಂದಿದ್ದಳು. ಅನ್ನುತ್ತಲೇ ನಾದಿದ್ದಳು. ‘ಅದು ಹಳೇ ಕತೆ, ಬಿಡು’ ಎಂದಿದ್ದಕ್ಕೆ, ‘ನೀನು ಬಿಟ್ಟಿದ್ದೀಯಾ, ಹೋಕಿಸ್?’ ಎಂದು ಅವನ ಮುಖವನ್ನೇ ನೋಡಿದ್ದಳು. ಹೋಕಿಸ್ ಎಂದರೆ ಅವರ ಮನೆಮಾತಿನಲ್ಲಿ ನನ್ನ ಜೀವವೇ ಎಂದು. ಪ್ರೀತಿ ಉಕ್ಕಿದಾಗಲೂ ಚುಚ್ಚಬೇಕಾದಾಗಲೂ ಅವಳ ಬಾಯಲ್ಲಿ ಬರುವುದು ಅದೇ ಮಾತು, ಯಾವಾಗ ಯಾವುದೆಂದು ಮದುವೆಯಾಗಿ ಇಷ್ಟು ಕಾಲವಾದರೂ ಹಗೋಪನಿಗೆ ತಿಳಿಯುತ್ತಿರಲಿಲ್ಲ. ಬಸ್ಸು ವಾಟರ್‌ಟೌನ್ ದಾಟಿ ಸ್ಮಶಾನದ ಉದ್ದ ಗೋಡೆಯ ಪಕ್ಕ ಬಂದಿತ್ತು. ಗೋಡೆಯಾಚೆ ಮರಗಳೆಲ್ಲ ಮೇ ತಿಂಗಳ ಎಳೆ ಹಸಿರಿನಲ್ಲಿ ನಾಚಿಕೆಯಿಲ್ಲದೆ ನಿಂತಿದ್ದವು.

ವಿಷಯ ಹೊರಗಿನವರಿಗೆ ಹೇಳಿದರೆ ನಕ್ಕುಬಿಡುವಷ್ಟು ಸಣ್ಣದು. ಈ ಗುರುವಾರ ನಿವೃತ್ತಿಯಾಗುತ್ತಿದ್ದ ಲಾಯ್ಡ್ ಪ್ರೌಟಿ ಬರೆದ ‘ಸ್ವೀಪ್’ ಎಂಬ ಮ್ಯಾಕ್ರೋದಲ್ಲಿ ಒಂದು ತಪ್ಪಿತ್ತು. ಹಗೋಪ್ ಕೆಲಸ ಮಾಡುವ ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಎಲ್ಲರೂ ಕ್ರಮವಿಧಿ ಬರೆಯುತ್ತಿದ್ದದ್ದು ಲಿಸ್ಪ್ ಎಂಬ ಭಾಷೆಯಲ್ಲಿ. ಆ ಭಾಷೆಯ ದೊಡ್ಡ ಸುಖವೆಂದರೆ, ಭಾಷೆಯಲ್ಲಿ ಇಲ್ಲದ ಮಾತನ್ನು ನೀವೇ ಹುಟ್ಟಿಸಬಹುದು. ಮನೆಯ ಯಜಮಾನಿ ‘ನೆಂಟರು ಬರ್ತಾರೆ’ ಎಂದಷ್ಟೇ ಅಂದರೆ ಮನೆಯವರು ಅದನ್ನು ಗುಡಿಸು, ನೀರು ತುಂಬು, ಒಲೆ ಹಚ್ಚು ಎಂದು ಬಿಡಿಸಿಕೊಳ್ಳುವುದಿಲ್ಲವೇ, ಹಾಗೆ. ನೀವು ಬರೆದ ಒಂದು ಸಾಲನ್ನು ಯಂತ್ರ ಓಡಿಸುವ ಮೊದಲು ಹಲವು ಸಾಲಾಗಿ ಬಿಡಿಸಿಕೊಳ್ಳುತ್ತದೆ. ಹೇಗೆ ಬಿಡಿಸಬೇಕೆಂದು ಬರೆದಿಡುವುದೇ ಮ್ಯಾಕ್ರೋ. ಒಂದೇ ಕೆಲಸವನ್ನು ಮತ್ತೆ ಮತ್ತೆ, ಮುಗಿಯುವ ತನಕ ಮಾಡಿಸುವ ಸುತ್ತುಗಳಿಗೆ ಅಲ್ಲಿ ಪ್ರತಿಯೊಬ್ಬನೂ ತನ್ನದೇ ಒಂದು ಮ್ಯಾಕ್ರೋ ಬರೆದುಕೊಂಡಿದ್ದ. ಮೀಸೆ ಬಿಡುವ ವಯಸ್ಸಿನಲ್ಲಿ ಮೀಸೆ ಬಿಟ್ಟ ಹಾಗೆ ಅದೊಂದು ಗತ್ತು. ಆದರೆ ಕೊನೆಗೆ ಎಲ್ಲರೂ ಬಳಸಿದ್ದು ಪ್ರೌಟಿಯ ಸ್ವೀಪನ್ನೇ. ಗುಡಿಸು ಎಂದು ಅದರ ಅರ್ಥ. ಇರುವುದನ್ನೆಲ್ಲ ಒಂದೂ ಬಿಡದೆ ಗುಡಿಸಿ ಕೈಗೆ ಕೊಡುತ್ತದೆ ಎಂಬ ನಂಬಿಕೆಯ ಮೇಲೆ ಅಲ್ಲಿಯ ಅರ್ಧ ಬದುಕು ನಿಂತಿತ್ತು.

ಮಂಗಳವಾರ ಮಧ್ಯಾಹ್ನ ಹಗೋಪ್ ಹಳೆಯ ಕ್ರಮವಿಧಿಗಳನ್ನು ಹೊಸ ಯಂತ್ರಗಳಿಗೆ ಸಾಗಿಸುತ್ತಿದ್ದಾಗ ಸರದಿ ಸಾಲಿನಲ್ಲಿ ಕಾಯುತ್ತಿದ್ದ ಬಾಬುಗಳಲ್ಲಿ ಒಂದು ಬಿಟ್ಟು ಒಂದು ಮಾಯವಾಗುವುದು ಕಂಡಿತು. ತನ್ನದೇ ಎಡವಟ್ಟಿರಬೇಕೆಂದು ಹುಡುಕಿದ. ಇರಲಿಲ್ಲ. ಸ್ವೀಪನ್ನೇ ಬಿಡಿಸಿ ನೋಡಿದ. ‘ಬರಿದಾಗುವ ತನಕ’ ಎಂಬ, ಹೆಚ್ಚು ಯಾರೂ ಮುಟ್ಟದ ಅದರ ಕೊನೆಯ ಕವಲಿನಲ್ಲಿ, ಮುಂದಿನದನ್ನು ತೆಗೆ ಎಂಬ ಮಾತು ಎರಡು ಕಡೆ ಕೂತಿತ್ತು. ಏನಾದರೂ ಉಳಿದಿದೆಯೇ ಎಂದು ನೋಡುವುದಕ್ಕೆ ಒಮ್ಮೆ ತೆಗೆಯುತ್ತಿತ್ತು, ಕೆಲಸಕ್ಕೆ ಕೊಡಲು ಮತ್ತೊಮ್ಮೆ ತೆಗೆಯುತ್ತಿತ್ತು. ಮೊದಲು ತೆಗೆದದ್ದು ಯಾರಿಗೂ ಸಿಗದೆ ಹಾಳು. ಹಗೋಪ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. ಮೈಯೆಲ್ಲ ಬಿಸಿಯಾಯಿತು. ಆ ಬಿಸಿ ಸಂತೋಷದ್ದೆಂದು ಗೊತ್ತಾಗಲು ಒಂದು ಕ್ಷಣ ಹಿಡಿಯಿತು, ಗೊತ್ತಾದ ಮೇಲೆ ಎದ್ದು ಹೋಗಿ ಮುಖ ತೊಳೆದುಕೊಂಡ.

ಯಾಕೆಂದರೆ ಹಿಂದೊಮ್ಮೆ ಅವನನ್ನು ಬೋರ್ಡಿನ ಮುಂದೆ ನಿಲ್ಲಿಸಿದ್ದೂ ಅದೇ ತಪ್ಪು, ಅದೇ ಜಾಗ. ಗುರುವಾರದ ಬೋರ್ಡು ಎಂಬುದೊಂದು ಪದ್ಧತಿ ಪ್ರೌಟಿ ಹಾಕಿಕೊಟ್ಟಿದ್ದು. ಮೂರು ಗಂಟೆಗೆ ಒಬ್ಬನ ಮ್ಯಾಕ್ರೋ ಬೋರ್ಡಿಗೆ ಏರಬೇಕು, ಬರೆದವನೇ ಅದನ್ನು ಯಂತ್ರದ ನೆರವಿಲ್ಲದೆ ಕೈಯಿಂದ ಬಿಡಿಸಬೇಕು. ತಪ್ಪು ಕಂಡವನು ತಪ್ಪು ಯಾವುದೆಂದು ಹೇಳುವಂತಿಲ್ಲ. ‘ಮತ್ತೊಮ್ಮೆ ಓದು’ ಎನ್ನಬೇಕು, ಅಷ್ಟೆ. ಕೊನೆಗೆ ಬರೆದವನೇ ಬೋರ್ಡು ಒರೆಸಬೇಕು. ಹಗೋಪ್ ಆಗ ಹೊಸಬ, ವಾಟರ್‌ಟೌನಿನ ಚಪ್ಪಲಿ ರಿಪೇರಿಯವನ ಮಗ, ಮೈಮೇಲೆ ಅಮ್ಮ ಹೆಣೆದ ಕಡುನೀಲಿ ಸ್ವೆಟರು. ಮತ್ತೊಮ್ಮೆ ಓದು, ಅಂದರು ಪ್ರೌಟಿ. ಓದಿದ. ಮತ್ತೊಮ್ಮೆ. ಓದಿದ. ಲಿಸ್ಪಿನ ಪ್ರತಿ ಮಾತನ್ನೂ ಸುತ್ತುವ ಆವರಣ ಚಿಹ್ನೆಗಳು ಕಣ್ಣಮುಂದೆ ಇರುವೆ ಸಾಲಾಗಿ ಹರಿದಾಡಿದವು, ಏನೂ ಕಾಣಲಿಲ್ಲ. ಕೊನೆಗೆ ಪ್ರೌಟಿ ತಮ್ಮ ನಿಯಮ ತಾವೇ ಮುರಿದು, ‘ಪಾತ್ರೇಲಿ ಸೂಪ್ ಇದೆಯಾ ಅಂತ ನೋಡೋಕೆ ಒಂದು ಸೌಟು ಎತ್ತಿ ಬಚ್ಚಲಿಗೆ ಸುರೀತೀಯ. ಆಮೇಲೆ ಇನ್ನೊಂದು ಸೌಟು ಎತ್ತಿ ನೆಂಟರಿಗೆ ಬಡಿಸ್ತೀಯ. ನಿನ್ನ ಬಟ್ಟಲೆಲ್ಲಪ್ಪಾ? ಒಂದು ಸಲ ಎತ್ತಿ ಬಟ್ಟಲಿಗೆ ಹಾಕ್ಕೋ, ಬಟ್ಟಲು ನೋಡು, ಬಟ್ಟಲಿಂದ ಬಡಿಸು’ ಅಂದಿದ್ದರು. ಕೋಣೆಯಲ್ಲಿ ಯಾರೋ ನಕ್ಕರು. ಪ್ರೌಟಿ ಡಸ್ಟರ್ ಅವನ ಕೈಗಿಟ್ಟರು. ಎಲ್ಲರಿಗೂ ಬೆನ್ನು ಹಾಕಿ ಒರೆಸುತ್ತ ನಿಂತಾಗ ಸೀಮೆಸುಣ್ಣದ ಪುಡಿ ಸ್ವೆಟರಿನ ತೋಳಿಗೆ ಮೆತ್ತಿಕೊಂಡದ್ದು, ಬೆನ್ನಿನ ಮೇಲೆ ಆ ನಗು ಕೂತದ್ದು ಈಗಲೂ ಹಾಗೇ ಇತ್ತು. ಆಮೇಲೆ ಬೇಕಾದಷ್ಟು ಬರೆದ; ಸಂಬಳ ಏರಿತು; ಹೊಸಬರು ಅವನ ಕೋಣೆಗೆ ಬಂದು ಸಲಹೆ ಕೇಳುವಂತಾಯಿತು. ಪ್ರೌಟಿಯ ಬಾಯಿಂದ ‘ಸರಿಯಾಗಿದೆ’ ಎಂಬ ಒಂದು ಮಾತು ಮಾತ್ರ ಬರಲಿಲ್ಲ. ಅವರು ಯಾರಿಗೂ ಹಾಗೆ ಹೇಳುತ್ತಿರಲಿಲ್ಲ. ಅದು ಗೊತ್ತಿದ್ದೂ ಹಗೋಪ್ ಕಾದಿದ್ದ. ಎಲ್ಲರೂ ಅವರನ್ನು ಲಾಯ್ಡ್ ಎಂದು ಹೆಸರು ಹಿಡಿದು ಕರೆದರೆ ಇವನಿಗೆ ನಾಲಿಗೆ ಏಳದೆ, ಎದುರು ನಿಂತು ಗಂಟಲು ಕೆರೆದುಕೊಂಡು ಮಾತು ಶುರು ಮಾಡುವುದು ರೂಢಿಯಾಗಿತ್ತು.

‘ಏನಿದು, ಮೆರವಣಿಗೆ? ಮಗು ಎತ್ಕೊಂಡು ಬಂದ ಹಾಗೆ ಬರ್ತಿದೀಯ!’ ಪ್ರಯೋಗಾಲಯದ ಬಾಗಿಲಲ್ಲೇ ಕೂರುವ ಬರ್ನಿಸ್ ಗಾಲ್ವಿನ್ ಬಟ್ಟೆಯ ತುದಿ ಎತ್ತಿ ಮೂಸಿದಳು. ಇಲ್ಲಿಯ ದೊಡ್ಡ ತಲೆಗಳ ಕೀಲಿಕೈ, ಮರೆವು, ಜಗಳ ಎಲ್ಲವನ್ನೂ ಮೇಜಿನ ಖಾನೆಯಲ್ಲಿ ಇಟ್ಟುಕೊಂಡವಳು ಅವಳು. ‘ಅರಾಕ್ಸಿ ಮಾಡಿದ್ದಾ? ಹಾಗಿದ್ರೆ ನಾನು ಪೇಟೆಯಿಂದ ತರಿಸಿದ ಕೇಕನ್ನ ಯಾರೂ ಮುಟ್ಟಲ್ಲ. ಹೋಗು, ಒಳಗಿದಾರೆ ನಿಮ್ಮ ಮುದುಕರು. ಬೆಳಗ್ಗೆಯಿಂದ ಪುಸ್ತಕ ಡಬ್ಬಕ್ಕೆ ತುಂಬ್ತಾರೆ, ಮತ್ತೆ ತೆಗೀತಾರೆ.’

ಓಣಿಯ ಉದ್ದಕ್ಕೂ ಬೀರುವಿನಷ್ಟು ಎತ್ತರದ ಹಳೆಯ ಲಿಸ್ಪ್ ಯಂತ್ರಗಳನ್ನು ತಂತಿ ಕಿತ್ತು ನಿಲ್ಲಿಸಿದ್ದರು, ಬೇಸಿಗೆ ರಜೆಯಲ್ಲಿ ಒಯ್ಯುತ್ತಾರಂತೆ. ಪ್ರೌಟಿ ಕಿಟಕಿಯ ಹತ್ತಿರ ನಿಂತಿದ್ದರು. ಮೊಣಕೈ ಹರಿದು ತೇಪೆ ಹಾಕಿದ ಅದೇ ಬೂದು ಕಾರ್ಡಿಗನ್ನು, ಎಡಗೈಯಲ್ಲಿ ತಣ್ಣಗಾದ ಚಹ. ಬಲಗೈ ಈಚೆಗೆ ಸ್ವಲ್ಪ ನಡುಗುತ್ತಿತ್ತು, ಅದನ್ನು ಜೇಬಿನಲ್ಲಿ ಬಚ್ಚಿಟ್ಟಿರುತ್ತಿದ್ದರು. ಹಗೋಪ್ ಗಂಟಲು ಕೆರೆದುಕೊಂಡ. ಅಷ್ಟರಲ್ಲಿ ಅವರೇ, ‘ಬಾ, ಬಾ. ಇವತ್ತು ಏನು ಮಾಡ್ತೀನಿ ಗೊತ್ತಾ? ಸ್ವೀಪ್. ಅದನ್ನ ಬೋರ್ಡಿಗೆ ಹತ್ತಿಸೇ ಇಲ್ಲ ನಾನು, ಗಮನಿಸಿದ್ದೀಯಾ? ಎಲ್ಲರದ್ದೂ ಹತ್ತಿಸಿದೆ, ನಂದೊಂದು ಬಿಟ್ಟು. ಇವತ್ತು ಪೂರ್ತಿ ಬಿಡಿಸಿ, ಒರೆಸಿ, ಮನೆಗೆ ಹೋಗ್ತೀನಿ’ ಎಂದರು. ಮುಖದಲ್ಲಿ ಹುಡುಗನ ಉತ್ಸಾಹ ಇತ್ತು. ಆಮೇಲೆ ಚಹದ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ತಿರುಗಿದರು. ‘ಹೊಸ ಯಂತ್ರಕ್ಕೆ ಸಾಗಿಸ್ತಾ ಇದೀಯಲ್ಲ, ನೀನು ಅದನ್ನ ಈಚೆಗೆ ನೋಡಿರ್ತೀಯ. ಎಲ್ಲ ನೆಟ್ಟಗಿದೆಯಾ? ಏನಾದರೂ ತೊಂದರೆ?’

ಇಷ್ಟು ಸುಲಭವಾಗಿ ಬಾಗಿಲು ತೆರೆದುಕೊಳ್ಳುತ್ತದೆಂದು ಹಗೋಪ್ ಎಣಿಸಿರಲಿಲ್ಲ. ಒಂದು ಮಾತು ಸಾಕಿತ್ತು. ಕೊನೆಯ ಕವಲು ನೋಡಿ, ಎಂದರೆ ಮುಗಿಯಿತು. ಮೂರು ಗಂಟೆಯೊಳಗೆ ಅವರು ಅದನ್ನು ಸರಿಮಾಡಿ, ನಗುತ್ತ ಬೋರ್ಡಿಗೆ ಏರಿಸುತ್ತಿದ್ದರು. ಅವನು ಬಾಯಿ ತೆರೆದ. ‘ಇಲ್ಲ, ಏನೂ ಇಲ್ಲ’ ಎಂದಿತು ಬಾಯಿ. ಪ್ರೌಟಿ ತಲೆಯಾಡಿಸಿ ಪುಸ್ತಕಗಳ ಕಡೆ ತಿರುಗಿದರು. ಹಗೋಪ್ ಚೋರೆಗನ್ನು ಎಲ್ಲಿಡಲಿ ಎಂದು ಕೇಳಿ, ಅವರು ತೋರಿಸಿದ ಜಾಗದಲ್ಲಿ ಇಟ್ಟು ಹೊರಗೆ ಬಂದ.

ಊಟ ಸೇರಲಿಲ್ಲ. ನದಿಯ ದಂಡೆಗೆ ಹೋಗಿ ಬೆಂಚಿನ ಮೇಲೆ ಕೂತ. ನೀರಿನಲ್ಲಿ ಹುಡುಗರು ಉದ್ದ ದೋಣಿಯಲ್ಲಿ ಒಂದೇ ತಾಳಕ್ಕೆ ಹುಟ್ಟು ಹಾಕುತ್ತಿದ್ದರು, ಮುಂದೆ ಕೂತ ಒಬ್ಬ ಕಿರುಚಿ ಕಿರುಚಿ ಅವರನ್ನು ದುಡಿಸುತ್ತಿದ್ದ. ನಾನೇಕೆ ಹೇಳಲಿ, ಎಂದುಕೊಂಡ. ನನಗೆ ಹೇಳಿದ್ದರೇ? ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪರರ ಎಲೆಯ ನೊಣ ಎತ್ತಿ ತೋರಿಸಿದವನು, ಈಗ ನೋಡಲಿ. ಎಲ್ಲರೂ ನೋಡಲಿ. ಮತ್ತೊಮ್ಮೆ ಓದಿ ಎಂದು ಯಾರಾದರೂ ಅನ್ನಲಿ, ಆ ನಡುಗುವ ಕೈ ಬೋರ್ಡಿನ ಮೇಲೆ ನಿಲ್ಲಲಿ. ಹಾಗೆ ಆ ದೃಶ್ಯವನ್ನು ಕಣ್ಣಮುಂದೆ ತಂದುಕೊಂಡಾಗ ಬೋರ್ಡಿನ ಮುಂದೆ ನಿಂತ ಬೆನ್ನು ಪ್ರೌಟಿಯದಾಗದೆ ನೀಲಿ ಸ್ವೆಟರಿನದೇ ಆಗುತ್ತಿತ್ತು. ಅಪ್ಪ ಅಂಗಡಿಯಲ್ಲಿ ಗಿರಾಕಿಯ ಕಾಲಡಿ ಬಗ್ಗಿ ಕೂತಾಗ ಕಾಣುತ್ತಿದ್ದ ಬೆನ್ನೂ ಅದೇ. ಹಗೋಪನಿಗೆ ತನ್ನ ಮೇಲೆ ಹೇಸಿಗೆ ಬಂತು. ಇಷ್ಟು ವರ್ಷ ಸಾಕಿದ್ದು ಒಂದು ನೋವೆಂದು ತಿಳಿದಿದ್ದ, ಈಗ ನೋಡಿದರೆ ಅದು ಬರೀ ಹಸಿವು. ಥಟ್ಟನೆ ಎದ್ದು ಹೆಚ್ಚು ಕಡಿಮೆ ಓಡುತ್ತಲೇ ಹಿಂತಿರುಗಿದ. ಪ್ರೌಟಿಯ ಬಾಗಿಲು ಅರೆ ತೆರೆದಿತ್ತು. ಅವರು ಡಬ್ಬಗಳ ನಡುವೆ ಕುರ್ಚಿಯಲ್ಲಿ ನಿದ್ದೆ ಹೋಗಿದ್ದರು, ಬಾಯಿ ತುಸು ತೆರೆದು, ನಡುಗುವ ಕೈ ಈಗ ನಡುಗದೆ ತೊಡೆಯ ಮೇಲೆ ಬಿದ್ದಿತ್ತು. ಎಬ್ಬಿಸಬೇಕಿತ್ತು. ಪಾಪ, ಮಲಗಿರಲಿ ಎಂದುಕೊಂಡ. ಆ ಪಾಪ ಎಂಬ ಮಾತು ಎಷ್ಟು ಅನುಕೂಲಕ್ಕೆ ಬಂತೆಂದು ಅವನಿಗೆ ಗೊತ್ತಿತ್ತು.

ಮೂರಕ್ಕೆ ಕೋಣೆ ತುಂಬಿತು. ಬೇರೆ ಊರು ಸೇರಿದ್ದ ಹಳಬರೂ ಬಂದಿದ್ದರು. ಕುರ್ಚಿ ಸಾಲದೆ ಕೆಲವರು ಗೋಡೆಗೆ ಒರಗಿ ನಿಂತರು. ಹಿಂದಿನ ಮೇಜಿನ ಮೇಲೆ ಕೇಕು, ಚೋರೆಗ್, ಕಾಗದದ ತಟ್ಟೆಗಳು. ಪ್ರೌಟಿ ಬೋರ್ಡಿನ ಎಡಕ್ಕೆ ಸ್ವೀಪನ್ನು ಬರೆಯತೊಡಗಿದರು, ಹಾಳೆ ನೋಡದೆ, ಮಂತ್ರ ಬಂದವರು ಮಂತ್ರ ಹೇಳಿದ ಹಾಗೆ. ಸೀಮೆಸುಣ್ಣ ನಡುಗಿದರೂ ಆವರಣಗಳು ಒಂದರೊಳಗೊಂದು ನೆಟ್ಟಗೆ ಮುಚ್ಚಿಕೊಂಡವು. ಬರೆದಾದ ಮೇಲೆ ಒಂದೊಂದೇ ಕವಲನ್ನು ಬಿಡಿಸಿ ತೋರಿಸಿದರು. ಎಲ್ಲರ ಮುಖದಲ್ಲೂ ಒಂದು ತೃಪ್ತಿ ಹರಡಿತ್ತು. ಇದು ಹೀಗೇ ಮುಗಿದುಬಿಡಲಿ ದೇವರೇ, ಕೊನೆಯ ಕವಲಿಗೆ ಹೊತ್ತು ಸಾಲದೆ ಹೋಗಲಿ ಎಂದು ಹಗೋಪ್ ಮನಸ್ಸಿನಲ್ಲೇ ಬೇಡಿಕೊಂಡ. ಆಗ ಮುಂದಿನ ಸಾಲಿನಲ್ಲಿದ್ದ ಲೆನೋರ್ ಕೈಯೆತ್ತಿದಳು. ಹೋದ ವರ್ಷವಷ್ಟೇ ಸೇರಿದವಳು, ಒಳ್ಳೆಯ ಹುಡುಗಿ, ಅವಳ ಪ್ರಶ್ನೆಯಲ್ಲಿ ಯಾವ ವಿಷವೂ ಇರಲಿಲ್ಲ.

‘ಲಾಯ್ಡ್, ಆ ಬರಿದಾಗುವ ತನಕ ಅನ್ನೋದನ್ನೂ ಬಿಡಿಸ್ತೀರಾ? ಸಾಲಿಂದ ಒಂದೊಂದೇ ತೆಗೆಯೋ ಹಾಗೆ. ನಾನು ಅದನ್ನ ಬಳಸಬೇಕು ಅಂತಿದೀನಿ.’

‘ಬಿಡಿಸೋಣಂತೆ’ ಎಂದರು ಪ್ರೌಟಿ. ಬಲಗೈಯನ್ನು ಎಡಗೈಯಿಂದ ಒತ್ತಿಕೊಂಡರು. ‘ಕೈ ಸೋತಿದೆ ಕಣಮ್ಮ. ಹಗೋಪ್, ಬಾ ಇಲ್ಲಿ. ಇದೊಂದನ್ನ ನೀನು ಬಿಡಿಸು. ಇದು ನನಗಿಂತ ನಿನಗೇ ಚೆನ್ನಾಗಿ ಗೊತ್ತು.’

ಹಗೋಪ್ ಎದ್ದ. ಕುರ್ಚಿಗಳ ನಡುವಿನ ದಾರಿ ತೀರಾ ಇಕ್ಕಟ್ಟಾಗಿತ್ತು, ಯಾರದೋ ಕಾಲು ತುಳಿದು ಕ್ಷಮೆ ಕೇಳಿದ. ಸೀಮೆಸುಣ್ಣ ಪ್ರೌಟಿಯ ಬೆವರಿನಿಂದ ಒದ್ದೆಯಾಗಿತ್ತು. ಬೋರ್ಡಿನ ಬಲಗಡೆ ಖಾಲಿ ಜಾಗ. ಇದ್ದದ್ದನ್ನು ಇದ್ದಂತೆ ಬಿಡಿಸಿದರೆ ಮುದುಕರ ಮರ್ಯಾದೆಯನ್ನು ನನ್ನ ಕೈಯಾರೆ ಹರಾಜಿಗಿಟ್ಟಂತೆ. ಆಗಲೇ ಅವನಿಗೆ ಹೊಳೆಯಿತು. ಹೊಳೆದದ್ದೇ ತಡ, ಎದೆಯ ಮೇಲಿನ ಕಲ್ಲು ಇಳಿಯಿತು. ಸಾಲಿನಿಂದ ಒಂದು ಸಲ ತೆಗೆ ಎಂದು ಬರೆದ. ತೆಗೆದದ್ದನ್ನು ಬಟ್ಟಲಿಗೆ ಹಾಕು. ಬಟ್ಟಲು ಬರಿದಾಗಿದ್ದರೆ ನಿಲ್ಲು. ಇಲ್ಲದಿದ್ದರೆ ಬಟ್ಟಲಲ್ಲಿ ಇರುವುದನ್ನು ಕೆಲಸಕ್ಕೆ ಕೊಡು, ಹಿಂತಿರುಗು. ಅಚ್ಚುಕಟ್ಟಾಗಿ ಬರೆದ. ನಾಳೆ ಬೆಳಗ್ಗೆ ಸದ್ದಿಲ್ಲದೆ ಯಂತ್ರದಲ್ಲೂ ಹೀಗೆಯೇ ತಿದ್ದಿಟ್ಟರೆ ಯಾರಿಗೂ ಏನೂ ತಿಳಿಯುವುದಿಲ್ಲ. ತನ್ನ ಒಳ್ಳೆಯತನಕ್ಕೆ ಅವನ ಕಣ್ಣು ತುಸು ಮಂಜಾಯಿತು. ಲೆನೋರ್ ಗುರುತು ಹಾಕಿಕೊಂಡು, ‘ಚೆನ್ನಾಗಿದೆ’ ಎಂದಳು. ಹಿಂದಿನಿಂದ ಯಾರೋ ಚಪ್ಪಾಳೆಗೆ ಕೈ ಎತ್ತಿದರು.

‘ಈ ಬಟ್ಟಲು ಎಲ್ಲಿಂದ ಬಂತು?’ ಎಂದರು ಪ್ರೌಟಿ.

ಎತ್ತಿದ ಕೈಗಳು ಇಳಿದವು. ಪ್ರೌಟಿ ಎಡಗಡೆ ತಾವು ಬರೆದದ್ದನ್ನೊಮ್ಮೆ, ಬಲಗಡೆ ಹಗೋಪ್ ಬರೆದದ್ದನ್ನೊಮ್ಮೆ ನೋಡಿದರು. ಕನ್ನಡಕ ಹಣೆಗೇರಿಸಿ ಹತ್ತಿರ ಹೋದರು. ಬೆರಳನ್ನು ಸಾಲಿನ ಕೆಳಗೆ ಇಟ್ಟು ಓದಿದರು. ‘ನಂದರಲ್ಲಿ ಬಟ್ಟಲು ಇಲ್ಲ. ನೀನು ಬರೆದದ್ದು ನಂದಲ್ಲ.’ ಸೀಮೆಸುಣ್ಣ ಇಸಿದುಕೊಂಡು ಬೋರ್ಡಿನ ನಡುವೆ ಉಳಿದ ಇಕ್ಕಟ್ಟು ಜಾಗದಲ್ಲಿ, ನಡುಗುವ ಕೈಯಿಂದಲೇ, ಸ್ವೀಪ್ ನಿಜವಾಗಿ ಏನಾಗಿ ಬಿಡಿಸಿಕೊಳ್ಳುತ್ತದೋ ಅದನ್ನು ಬರೆದರು. ಸಾಲಿನಿಂದ ತೆಗೆದದ್ದು ಬರಿದೋ ನೋಡು. ಇಲ್ಲದಿದ್ದರೆ ಸಾಲಿನಿಂದ ತೆಗೆದು ಕೆಲಸಕ್ಕೆ ಕೊಡು. ಬರೆದು ಹಿಂದೆ ಸರಿದು ನಿಂತರು. ಇಡೀ ಕೋಣೆಗೆ ಕಂಡಿತು. ಅಲ್ಲಿದ್ದವರೆಲ್ಲ ಆವರಣ ಓದಿಯೇ ಅನ್ನ ತಿನ್ನುವವರು. ಯಾರಿಗೂ ‘ಮತ್ತೊಮ್ಮೆ ಓದಿ’ ಎನ್ನುವ ಧೈರ್ಯ ಬರಲಿಲ್ಲ.

‘ಹೇಳಬೇಕಾದವರು ಯಾರೂ ಹೇಳ್ತಿಲ್ಲ, ಹಾಗಾಗಿ ನಾನೇ ಮತ್ತೊಮ್ಮೆ ಓದ್ತೀನಿ’ ಎಂದು ಪ್ರೌಟಿ ಗಟ್ಟಿಯಾಗಿ ಓದಿದರು. ‘ಎರಡು ಸಲ ತೆಗೆಯುತ್ತೆ. ಒಂದನ್ನ ಬಚ್ಚಲಿಗೆ ಸುರಿಯುತ್ತೆ. ತಪ್ಪು, ನಂದೇ.’ ದನಿಯಲ್ಲಿ ನಾಚಿಕೆ ಇತ್ತು, ಅದನ್ನು ಅವರು ಅಡಗಿಸಲಿಲ್ಲ. ಆಮೇಲೆ ಹಗೋಪನ ಕಡೆ ತಿರುಗಿ, ಅವನೊಬ್ಬನಿಗೆ ಕೇಳಿಸುವಷ್ಟು ಸಣ್ಣಗೆ, ‘ನಿನಗೆ ಯಾವಾಗ ಗೊತ್ತಾಯ್ತು?’ ಎಂದರು.

‘ಮಂಗಳವಾರ.’

‘ಇವತ್ತು ಬೆಳಗ್ಗೆ ಕೇಳಿದೆ ನಾನು.’

‘ನಿಮಗೆ ನೋವಾಗಬಾರದು ಅಂತ...’ ಎಂದು ಶುರು ಮಾಡಿದ ಹಗೋಪ್ ಅದು ಸುಳ್ಳೆಂದು ಗೊತ್ತಾಗಿ ನಿಲ್ಲಿಸಿದ.

‘ನಿನ್ನ ತಪ್ಪು ನನಗೆ ಕಂಡ ಗಳಿಗೇಲೇ ನಿನಗೆ ಹೇಳಿದ್ದೆ’ ಎಂದರು ಪ್ರೌಟಿ. ‘ಜೇಬಲ್ಲಿ ಇಟ್ಕೊಂಡು ಓಡಾಡಲಿಲ್ಲ. ನೀನು ನನ್ನ ಸಮಾನ ಅಂತ ಹೇಳಿದ್ದು ಕಣೋ, ಬೇರೆ ಇನ್ಯಾವುದಕ್ಕೆ ಹೇಳ್ತಾರೆ?’

ಹಗೋಪ್, ಕೈಗೆ ಏನಾದರೂ ಕೆಲಸ ಬೇಕೆನಿಸಿ, ಅವರ ಪರವಾಗಿ ಒರೆಸಿಬಿಡೋಣವೆಂದು ಡಸ್ಟರ್ ಎತ್ತಿಕೊಂಡ. ಪ್ರೌಟಿ ಅಂಗೈ ಚಾಚಿದರು. ಕೊಟ್ಟ. ಅವರು ಎಲ್ಲರಿಗೂ ಬೆನ್ನು ಹಾಕಿ, ಎಡಗಡೆಯದನ್ನೂ ನಡುವಿನದನ್ನೂ ನಿಧಾನವಾಗಿ, ಮೂಲೆ ಬಿಡದೆ ಒರೆಸಿದರು. ಯಾರೂ ನಗಲಿಲ್ಲ. ಬೂದು ಕಾರ್ಡಿಗನ್ನಿನ ತೋಳಿಗೆ ಬಿಳಿ ಪುಡಿ ಇಳಿಯಿತು. ಬಾಗಿಲ ಹತ್ತಿರ ನಿಂತಿದ್ದ ಬರ್ನಿಸ್ ಮೂಗೊರೆಸಿಕೊಂಡಳು. ಬಲಗಡೆಯದನ್ನು ಅವರು ಮುಟ್ಟಲಿಲ್ಲ. ಡಸ್ಟರನ್ನು ಹಗೋಪನ ಕೈಗಿಟ್ಟು, ಮುಂದಿನ ಸಾಲಿನಲ್ಲಿ ಲೆನೋರಳ ಪಕ್ಕದ ಕುರ್ಚಿಗೆ ಹೋಗಿ ಕೂತರು. ಯಾರ ಸರದಿಯಿದ್ದರೂ ಬೋರ್ಡಿನ ಪಕ್ಕವೇ ನಿಲ್ಲುತ್ತಿದ್ದ ಅವರು ಆ ಕೋಣೆಯಲ್ಲಿ ಕೇಳುವವರ ಜಾಗದಲ್ಲಿ ಕೂತದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ.

‘ಅದು ನಿನ್ನ ಬರಹ. ಬರೆದವನೇ ಒರೆಸಬೇಕು’ ಎಂದರು. ‘ಒರೆಸೋ ಮುಂಚೆ ಮತ್ತೊಮ್ಮೆ ಓದು.’

ಹಗೋಪ್ ಬೋರ್ಡಿಗೆ ತಿರುಗಿದ. ಬೆನ್ನ ಮೇಲೆ ಎಲ್ಲರ ಕಣ್ಣು. ಒಂದು ಸಲ ತೆಗೆ, ಎಂದು ಓದಿದ. ಬಟ್ಟಲಿಗೆ ಹಾಕು. ಬಟ್ಟಲು ಬರಿದಾಗಿದ್ದರೆ ನಿಲ್ಲು. ಇಲ್ಲದಿದ್ದರೆ ಬಟ್ಟಲಲ್ಲಿ ಇರುವುದನ್ನು ಕೊಡು, ಹಿಂತಿರುಗು. ಅದರಲ್ಲಿ ಎಲ್ಲೂ ಒಂದು ಆವರಣ ಹೆಚ್ಚಿರಲಿಲ್ಲ, ಒಂದು ಕಡಿಮೆಯಿರಲಿಲ್ಲ. ತನ್ನ ಜೀವಮಾನದಲ್ಲಿ ಇಷ್ಟು ಚೆನ್ನಾಗಿ ಇನ್ನೊಂದನ್ನು ಬರೆದಿಲ್ಲವೆನಿಸಿತು.

ಹಿಂದಿನಿಂದ ಪ್ರೌಟಿಯ ದನಿ ಬಂತು.

‘ಸರಿಯಾಗಿದೆ. ಒರೆಸು.’

ಹಗೋಪ್ ಒರೆಸಿದ.